ಬಿಳಿ ದಾರದ ಓಲೆ

“ಗುರುಗಳೇ, ನನ್ನ ಹೆಸರಿನ ಓಲೆ ಯಾವಾಗ ಬರುತ್ತದೆ?” ಎಂದು ಶಿಷ್ಯ ರೇವಯ್ಯ ಕೇಳಿದ.

ಬೆಟ್ಟದ ಬುಡದ ಆ ಚಿಕ್ಕ ಮಠದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಅದು ಮೊದಲ ಸಲವಲ್ಲ. ಹೊಳೆಯಾಚೆಯ ಶಾಖಾಮಠಕ್ಕೆ ಹೊಸಬರನ್ನು ನೇಮಿಸಬೇಕಾಗಿತ್ತು. ನೇಮಕದ ಓಲೆ ಹಿರಿಯ ಮಠದಿಂದ ಬರಬೇಕು. ಅದರಲ್ಲಿ ನಿನ್ನ ಹೆಸರೇ ಇರುತ್ತದೆ ಎಂದು ಯಾರೋ ರೇವಯ್ಯನ ಕಿವಿಯಲ್ಲಿ ಊದಿದ್ದರು. ಅಂದಿನಿಂದ ಅವನ ಕಣ್ಣು ದಾರಿಯ ಮೇಲೆಯೇ. ಪೂಜೆಗೆ ಕುಳಿತರೂ ದಾರಿ, ಊಟಕ್ಕೆ ಕುಳಿತರೂ ದಾರಿ.

ಆ ಬೆಳಿಗ್ಗೆ ಗಾಣಿಗರ ಕೇರಿಯಿಂದ ಇಬ್ಬರು ಮುದುಕರು ಬಂದಿದ್ದರು. ವರ್ಷಕ್ಕೊಮ್ಮೆ ಮಠದ ದೀಪಕ್ಕೆ ಎಣ್ಣೆ ಒಪ್ಪಿಸುವುದು ಆ ಕೇರಿಯ ವಾಡಿಕೆ. ಈ ಸಲ ಎಳ್ಳು ಕೈಕೊಟ್ಟಿದೆ, ಮನೆಯ ಒಗ್ಗರಣೆಗೂ ಉಳಿಸದೆ ಬಳಿದು ತಂದಿದ್ದೇವೆ ಎಂದರು. ರೇವಯ್ಯ ದಾರಿ ನೋಡುತ್ತಲೇ, ಅಲ್ಲಿಡಿ ಎಂದು ಅಂಗಳ ತೋರಿಸಿದ. ಅವರು ಇಟ್ಟು ಹೋದರು. ಗುರುಗಳು ಹೊಳೆಯಲ್ಲಿ ಮಿಂದು ಬಂದಾಗ ಎಣ್ಣೆಯ ಗಡಿಗೆಗಳು ಸಾಲಾಗಿ ಕುಳಿತಿದ್ದವು. ಅವರು ಗಡಿಗೆಗಳನ್ನು ಒಮ್ಮೆ ನೋಡಿದರು, ರೇವಯ್ಯನನ್ನು ಒಮ್ಮೆ ನೋಡಿದರು.

ಈಗ ಪ್ರಶ್ನೆ ಕೇಳಿದ ಮೇಲೆ ಬಾಯಿ ತೆರೆದರು.

“ಕುಳಿತುಕೋ. ಆ ಕಾಲು ಕುಣಿಸುವುದನ್ನು ನಿಲ್ಲಿಸು. ನೀನು ಕಾಲು ಕುಣಿಸಿದರೆ ಓಲೆಕಾರ ಬೇಗ ನಡೆಯುವುದಿಲ್ಲ.”

ರೇವಯ್ಯ ಕುಳಿತ. ಸೊಂಟದಲ್ಲಿ ಸಿಕ್ಕಿಸಿಕೊಂಡದ್ದು ಏನೋ ಒತ್ತಿತು. ಅದನ್ನು ಪಕ್ಕಕ್ಕೆ ಸರಿಸಿಕೊಂಡು ಮತ್ತೆ ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಎರಡು ಗುಡ್ಡಗಳ ನಡುವೆ ಒಂದು ಕಣಿವೆ ಇತ್ತು. ಕಣಿವೆಯಲ್ಲಿ ಒಂದು ದಾರಿ. ದಾರಿಗೆ ಅಡ್ಡವಾಗಿ ಒಂದು ತೊಲೆ, ಪಕ್ಕದಲ್ಲಿ ಒಂದು ಸುಂಕದ ಕಟ್ಟೆ. ಅಲ್ಲಿ ಒಬ್ಬ ಸುಂಕದವನಿದ್ದ, ಮಲ್ಲರಸ ಎಂದು ಹೆಸರು. ಕತೆಯ ಸುಂಕದವನಿಗೆ ಹೆಸರೇಕೆ ಎನ್ನುತ್ತೀಯೇನೋ. ಇಲ್ಲಿ ಕೆಲಸ ಕೆಡಿಸಿದ್ದೇ ಆ ಹೆಸರು, ಅದಕ್ಕೆ ಹೇಳಿದೆ.

ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅವನನ್ನು ಬೈದು ಹಾಯಾಗಿ ಎದ್ದು ಹೋಗಬಾರದು. ಕೊಡಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚು ಅವನು ಯಾರಿಂದಲೂ ಕಿತ್ತುಕೊಂಡವನಲ್ಲ.

ಸುಂಕ ತೆಗೆದುಕೊಳ್ಳುವುದಲ್ಲದೆ ಅವನಿಗೆ ಇನ್ನೊಂದು ಕೆಲಸವಿತ್ತು. ಪ್ರತಿ ಅಮಾವಾಸ್ಯೆಗೆ ರಾಜಧಾನಿಯಿಂದ ಓಲೆಕಾರ ಬಂದು ಒಂದು ಕಟ್ಟು ಓಲೆ ಕೊಟ್ಟು ಹೋಗುತ್ತಿದ್ದ. ಎಲ್ಲವೂ ಅರಮನೆಯ ಅಪ್ಪಣೆಗಳು. ಯಾರನ್ನು ಯಾವ ಹುದ್ದೆಗೆ ನೇಮಿಸಿದೆ ಎನ್ನುವ ಓಲೆಗೆ ಕೆಂಪು ದಾರ. ಯಾರಿಗೆ ಯಾವ ಸುಂಕ ಬಿಟ್ಟಿದೆ ಎನ್ನುವ ಓಲೆಗೆ ಬಿಳಿ ದಾರ. ಸುಂಕದವನು ಜಾಗಟೆ ಬಾರಿಸಿ, ದಾರಿಹೋಕರನ್ನು ನಿಲ್ಲಿಸಿ, ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಓದಿದ ದಿನವೇ ಅಪ್ಪಣೆಯ ದಿನ, ಇದು ಆ ನಾಡಿನ ಕಟ್ಟಳೆ. ಓದದೆ ಉಳಿದ ಓಲೆ ಆ ದಾರಿಯಲ್ಲಿ ನಡೆಯುವವರ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ.

ಅರಮನೆಯ ಓಲೆ ಹೇಗಿರುತ್ತದೆ ಗೊತ್ತಲ್ಲ. ಮುಕ್ಕಾಲು ಬಿರುದು, ಕಾಲು ವಿಷಯ. ಗಂಡರ ಗಂಡ, ವೈರಿಗಳ ಗಂಟಲಗಾಣ ಎಂದು ಶುರುವಾದರೆ ವಿಷಯ ಬರುವ ಹೊತ್ತಿಗೆ ಕೇಳುವವನು ತೂಕಡಿಸುತ್ತಿರುತ್ತಾನೆ. ಆದರೂ ಮಲ್ಲರಸ ಏಳು ವರ್ಷ ಒಂದಕ್ಷರ ಬಿಡದೆ ಓದಿದ. ಗಾಡಿಯವರು ಬೈದುಕೊಂಡರು, ಎತ್ತುಗಳು ಸಗಣಿ ಹಾಕಿದವು. ಇವನು ಓದಿದ.

ಅವನ ಹೆಂಡತಿಯೂ ಮಗಳೂ ರಾಜಧಾನಿಯಲ್ಲಿದ್ದರು. ಆ ಕಣಿವೆಯಲ್ಲಿ ಸಂಸಾರ ಹೂಡುವ ಹಾಗಿರಲಿಲ್ಲ. ನೀರು ದೂರ, ಚಿರತೆಯ ಕಾಟ ಬೇರೆ. ಕಟ್ಟೆ ಬಿಟ್ಟು ಹೋಗಲು ಸುಂಕದವನಿಗೆ ಅಪ್ಪಣೆಯಿಲ್ಲ. ಅವನು ಮನೆ ಬಿಟ್ಟಾಗ ಮಗಳು ತೊಟ್ಟಿಲಲ್ಲಿದ್ದಳು. ವರ್ಷಕ್ಕೊಮ್ಮೆ ಹೆಂಡತಿ ಆ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಂಗಾಲಿನಿಂದ ನೆತ್ತಿಯವರೆಗೆ ಒಂದು ದಾರ ಹಿಡಿದು, ಅಷ್ಟುದ್ದಕ್ಕೆ ಕತ್ತರಿಸಿ ಓಲೆಕಾರನ ಕೈಯಲ್ಲಿ ಕಳಿಸುತ್ತಿದ್ದಳು. ಮಲ್ಲರಸ ಅದನ್ನು ಕಟ್ಟೆಯ ಕಂಬಕ್ಕೆ ಕಟ್ಟುತ್ತಿದ್ದ. ಏಳು ವರ್ಷಕ್ಕೆ ಏಳು ದಾರ. ಅವನಿಗೆ ಗೊತ್ತಿದ್ದ ಮಗಳು ಅಷ್ಟೇ. ಗಾಳಿ ಬಂದು ಆ ದಾರಗಳು ಸಿಕ್ಕು ಬಿದ್ದರೆ ಎದ್ದು ಹೋಗಿ ಒಂದೊಂದನ್ನೇ ಬಿಡಿಸಿ ನೇರ ಮಾಡುತ್ತಿದ್ದ.

ರಾಜಧಾನಿಯ ಕಣಜದಲ್ಲಿ ಏನಾದರೊಂದು ಕೆಲಸ ಕೊಡಿ ಎಂದು ಅವನು ವರ್ಷವರ್ಷವೂ ಬಿನ್ನಹ ಬರೆಯುತ್ತಿದ್ದ. ಎಂಟನೆಯ ವರ್ಷ ಓಲೆಕಾರ ಒಂದು ಮಾತು ತಂದ. ನಿನ್ನ ಬಿನ್ನಹ ದೊರೆಯ ಕಿವಿಗೆ ಬಿದ್ದಿದೆಯಂತೆ, ಆಗಬಹುದಂತೆ ಎಂದ.

ಕೆಟ್ಟಿತಲ್ಲ! ಆಗುವುದಿಲ್ಲ ಎಂದಿದ್ದರೆ ಮನುಷ್ಯ ಒಂದು ದಿನ ಅತ್ತು ಸುಮ್ಮನಾಗುತ್ತಾನೆ. ಆಗಬಹುದು ಎಂದರೆ ಅವನ ಕತೆ ಮುಗಿಯಿತು.

ಮಲ್ಲರಸ ಅಂದೇ ಬಟ್ಟೆಯ ಗಂಟು ಕಟ್ಟಿದ. ಬೆಳಿಗ್ಗೆ ಉಡಬೇಕಲ್ಲ, ಬಿಚ್ಚಿದ. ಸಂಜೆ ಮತ್ತೆ ಕಟ್ಟಿದ. ದಿನವೂ ಇದೇ. ತುತ್ತು ಬಾಯಿಗಿಡುವಾಗ ದೂರದಲ್ಲಿ ಗೊರಸಿನ ಸಪ್ಪಳವಾದರೆ ಎಂಜಲು ಕೈಯಲ್ಲೇ ಎದ್ದು ದಾರಿಯ ತಿರುವಿನವರೆಗೆ ಹೋಗುತ್ತಿದ್ದ. ಯಾರದೋ ಕತ್ತೆ ಬರುತ್ತಿತ್ತು. ಕತ್ತೆಯನ್ನೇ ಬೈದು ಹಿಂದಕ್ಕೆ ಬರುತ್ತಿದ್ದ. ದಾರಿಹೋಕರು ನಗುತ್ತಿದ್ದರು, ಸುಂಕದವನ ಕಾಲಿಗೆ ಚಕ್ರ ಬಂದಿದೆ ಎನ್ನುತ್ತಿದ್ದರು.

ಅಮಾವಾಸ್ಯೆಯ ದಿನವಂತೂ ಕೇಳಬೇಡ. ಓಲೆಕಾರನ ಕೈಯಿಂದ ಕಟ್ಟನ್ನು ಕಸಿದುಕೊಳ್ಳುತ್ತಿದ್ದ. ಮುಟ್ಟಿತು ಎಂದು ಮುದ್ರೆ ಒತ್ತಿ ಅವನನ್ನು ಅಟ್ಟುತ್ತಿದ್ದ. ಕೆಂಪು ದಾರದ ಓಲೆಗಳನ್ನು ಕಿತ್ತು ಬಿಚ್ಚುತ್ತಿದ್ದ. ಬಿರುದುಗಳನ್ನು ಹಾರಿಸಿ, ವಿಷಯವನ್ನೂ ಹಾರಿಸಿ, ಹೆಸರುಗಳನ್ನು ಮಾತ್ರ ನೋಡುತ್ತಿದ್ದ. ತನ್ನದಿಲ್ಲ. ಜಾಗಟೆ ಬಾರಿಸಲು ಕೈ ಏಳುತ್ತಿರಲಿಲ್ಲ. ಇನ್ನು ಬಿಳಿ ದಾರದವು. ಯಾರಿಗೋ ಯಾವುದೋ ಸುಂಕ ಬಿಟ್ಟಿರುತ್ತಾರೆ, ಅದರಲ್ಲಿ ತನಗೇನಿದೆ? ಆಮೇಲೆ ಓದಿದರಾಯಿತು ಎಂದು ಅವುಗಳನ್ನು ಬಿಚ್ಚದೆಯೇ ಒಂದು ಮಡಕೆಯೊಳಗೆ ತುರುಕಿದ. ಆ ಆಮೇಲೆ ಬರಲೇ ಇಲ್ಲ.

ಆ ಮಡಕೆ ಎಲ್ಲಿಯದು ಎಂದು ಕೇಳು. ಹೇಳುತ್ತೇನೆ.

ಸಂಕವ್ವ ಎಂಬ ಕುಂಬಾರಗಿತ್ತಿ ಪ್ರತಿ ಸಂತೆಗೆ ಹತ್ತು ಮಡಕೆ ತಲೆಯ ಮೇಲೆ ಹೊತ್ತು ಆ ಕಣಿವೆ ದಾಟುತ್ತಿದ್ದಳು. ಅವಳ ಗಂಡ ಮಡಕೆ ಸುಡುವಾಗ ಆವಿಗೆಯ ಬೆಂಕಿಗೆ ಬಲಗೈ ಕೊಟ್ಟಿದ್ದ. ಈಗ ಅವನು ಎಡಗೈಯಲ್ಲಿ ತಿಗರಿ ತಿರುಗಿಸಬೇಕು, ಅವಳು ಮಾಡಬೇಕು, ಅವಳೇ ಹೊರಬೇಕು. ಐದು ಮಡಕೆಗೆ ಒಂದು ಮಡಕೆ ಸುಂಕ. ಸಂತೆಯಲ್ಲಿ ಒಂದು ಮಡಕೆಗೆ ಬೆಲೆ ಆ ಮಡಕೆ ತುಂಬುವಷ್ಟು ರಾಗಿ. ಕಟ್ಟೆಯಲ್ಲಿ ಎರಡು ಮಡಕೆ ಇಳಿಸಿದರೆ ಮನೆಯಲ್ಲಿ ಎರಡು ಮಡಕೆ ರಾಗಿ ಕಡಿಮೆ, ಅಷ್ಟು ಸರಳ. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಎನ್ನುತ್ತಾರೆ. ಅವಳು ಹೇಳಲೂ ಇಲ್ಲ. ಬರುತ್ತಿದ್ದಳು, ಎರಡು ಇಳಿಸುತ್ತಿದ್ದಳು, ಹೋಗುತ್ತಿದ್ದಳು.

ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ ಒಂದು ಸಂತೆಯ ದಿನ ಅವಳು ಹೊರೆ ಇಳಿಸದೆ ನಿಂತಳು. ಕಣಿವೆಯಾಚೆಯ ಕಟ್ಟೆಯಲ್ಲಿ ಏನೋ ಓದಿದರಂತೆ, ಅಲ್ಲಿಯವರು ಹೇಳಿದರು ಎಂದಳು.

“ತಲೆಹೊರೆಯವರಿಗೆ ಸುಂಕ ಬಿಟ್ಟರಂತೆ ಅಯ್ಯಾ. ನಮ್ಮ ಕಟ್ಟೆಗೆ ಅಂಥದ್ದೇನಾದರೂ ಬಂದಿದೆಯೇ?”

ಮಲ್ಲರಸನ ಕಣ್ಣು ದಾರಿಯ ತಿರುವಿನಲ್ಲಿತ್ತು. ಅವಳ ಮುಖವನ್ನೂ ನೋಡಲಿಲ್ಲ.

“ಬಂದಿದ್ದರೆ ನಾನು ಓದುತ್ತಿರಲಿಲ್ಲವೇನವ್ವ?”

ಹೌದಲ್ಲ ಎಂದುಕೊಂಡಳು ಅವಳು. ಏಳು ವರ್ಷ ಒಂದಕ್ಷರ ಬಿಡದೆ ಓದಿದವನು. ಅವನ ಮಾತಿನ ಮೇಲೆ ಎರಡು ಮಾತಿಲ್ಲ. ಎರಡು ಮಡಕೆ ಇಳಿಸಿ ನಡೆದಳು.

ಅವನು ಸುಳ್ಳು ಹೇಳಲಿಲ್ಲ, ರೇವಯ್ಯ. ಅದೇ ಕಷ್ಟ. ಸುಳ್ಳು ಹೇಳಿದ್ದರೆ ರಾತ್ರಿ ಎದೆ ಚುಚ್ಚಿ ಎಬ್ಬಿಸುತ್ತಿತ್ತು. ಇವನಿಗೆ ಅವಳು ಕೇಳಿದ್ದು ಸಂಜೆಯ ಹೊತ್ತಿಗೆ ನೆನಪೂ ಇರಲಿಲ್ಲ.

ಹೀಗೆ ಇನ್ನೂ ಹಲವು ಸಂತೆ ನಡೆದವು. ಸಂಕ್ರಾಂತಿ ಕಳೆದ ಮೇಲೆ ಅವಳು ಬರಲಿಲ್ಲ. ಮುಂದಿನ ಸಂತೆಗೂ ಬರಲಿಲ್ಲ. ಮಲ್ಲರಸ ಅದನ್ನು ಗಮನಿಸಲಿಲ್ಲ. ಅವನು ಎಣಿಸುತ್ತಿದ್ದದ್ದು ಅಮಾವಾಸ್ಯೆಗಳನ್ನು.

ಯುಗಾದಿಯೂ ಆಗಿ ಹದಿನೈದು ದಿನ ಕಳೆಯಿತು. ವರ್ಷವಿಡೀ ಕಟ್ಟೆಯಲ್ಲಿ ಸೇರಿದ್ದನ್ನು ಒಯ್ಯಲು ಅರಮನೆಯ ಗಾಡಿಯವನು ಬಂದ. ಈ ಸಲ ಅವನ ಗಾಡಿಯಲ್ಲಿ ಒಂದು ಗರಗಸವಿತ್ತು. ಮಲ್ಲರಸನನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ನೀವಿನ್ನೂ ಇಲ್ಲೇ ಇದ್ದೀರಾ, ನಿಮ್ಮ ಜಾಗಕ್ಕೆ ಬೇರೆಯವರು ಬಂದು ಎಂಟು ದಿನವಾಯಿತಲ್ಲ ಎಂದ. ಯಾವ ಜಾಗ ಎಂದು ಇವನು ಕೇಳಿದ. ಕಣಜದ ಜಾಗ ಎಂದು ಅವನು ಹೇಳಿದ. ದೀಪಾವಳಿಯ ಕಟ್ಟಿನಲ್ಲೇ ಓಲೆ ಬಂದಿತ್ತಲ್ಲ ಎಂದೂ ಹೇಳಿದ.

ಮಲ್ಲರಸ ಕೆಂಪು ದಾರದ ಓಲೆಗಳನ್ನೆಲ್ಲ ಮತ್ತೆ ತಿರುವಿ ಹಾಕಿದ. ಇರಲಿಲ್ಲ. ಆಗ ಮಡಕೆ ನೆನಪಾಯಿತು. ಕೈ ಹಾಕಿದರೆ ಬಾಯಿ ಕಿರಿದು, ಓಲೆಗಳು ಒಳಗೆ ಅಡ್ಡಗಟ್ಟಿದ್ದವು. ನೆಲಕ್ಕೆ ಹಾಕಿ ಒಡೆದ. ಬಿಳಿ ದಾರ ಬಿಚ್ಚಿದ.

ತಲೆಯ ಮೇಲೆ ಹೊತ್ತು ಮಾರುವ ಬಡವರಿಗೆ ಇನ್ನು ಮುಂದೆ ಸುಂಕವಿಲ್ಲ ಎಂದಿತ್ತು. ಅದರಿಂದ ಈ ಕಣಿವೆಯ ಕಟ್ಟೆಗೆ ಕೆಲಸ ಸಾಲದು, ಇದನ್ನು ಮುಚ್ಚಿದೆ, ಅಡ್ಡ ತೊಲೆಯನ್ನು ಕೊಯ್ದು ತೆಗೆಯತಕ್ಕದ್ದು ಎಂದಿತ್ತು. ಕೆಳಗೆ, ಕಟ್ಟಕಡೆಯ ಸಾಲು. ಇಲ್ಲಿಯ ಸುಂಕದ ಮಲ್ಲರಸನು ಯುಗಾದಿಯೊಳಗೆ ರಾಜಧಾನಿಗೆ ಬಂದು ಕಣಜದ ಕೆಲಸ ಹಿಡಿಯತಕ್ಕದ್ದು, ಬಾರದಿದ್ದರೆ ಆ ಜಾಗ ಬೇರೆಯವರಿಗೆ.

ಬಿಳಿ ದಾರದ ಓಲೆಯಲ್ಲಿ ನೇಮಕ ಹೇಗೆ ಬಂತು ಎಂದು ಹುಬ್ಬು ಗಂಟಿಕ್ಕಬೇಡ. ಸುಂಕ ಬಿಟ್ಟದ್ದಕ್ಕೆ ಕಟ್ಟೆ ಮುಚ್ಚಿತು, ಕಟ್ಟೆ ಮುಚ್ಚಿದ್ದಕ್ಕೆ ಇವನಿಗೆ ಬಿಡುಗಡೆ. ಎಲ್ಲ ಒಂದೇ ವಿಷಯ, ಎರಡು ಓಲೆ ಯಾಕೆ ಹಾಳು ಮಾಡಬೇಕು? ಅರಮನೆಯಲ್ಲೂ ಕೈ ಬಿಗಿಹಿಡಿದು ಬರೆಯುವ ಒಬ್ಬ ಲಿಪಿಕಾರ ಇರುತ್ತಾನೆ.

ಮಲ್ಲರಸ ಎದ್ದು ಜಾಗಟೆ ಬಾರಿಸಿದ. ಆ ಓಲೆಯನ್ನು ಬಿರುದುಗಳ ಸಮೇತ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ತನ್ನ ಹೆಸರಿದ್ದ ಸಾಲನ್ನೂ ಓದಿದ. ಕೇಳಲು ಗಾಡಿಯವನೂ ಎರಡು ಎತ್ತುಗಳೂ ಇದ್ದವು.

ದೀಪಾವಳಿಯಿಂದ ಈಚೆ ಸಂಕವ್ವ ಇಳಿಸಿದ್ದ ಮಡಕೆಗಳು ಕಟ್ಟೆಯ ಹಿಂದೆ ಇದ್ದವು. ಗಾಡಿಯವನಿಗೆ ಅವುಗಳನ್ನು ಮುಟ್ಟಬೇಡ ಎಂದ. ತಾನೇ ತಲೆಯ ಮೇಲೆ ಹೊತ್ತುಕೊಂಡು ಕುಂಬಾರರ ಊರಿಗೆ ನಡೆದ. ಮನೆಗೆ ಹೊರಗಿನಿಂದ ಚಿಲಕ ಹಾಕಿತ್ತು. ತಿಗರಿಯನ್ನು ಬೋರಲು ಹಾಕಿದ್ದರು, ಆವಿಗೆಯ ಬೂದಿಯ ಮೇಲೆ ಹುಲ್ಲು ಹುಟ್ಟಿತ್ತು. ಇಲ್ಲಿ ಹೊಟ್ಟೆ ತುಂಬಲಿಲ್ಲ, ಎಲ್ಲೋ ಕೆರೆ ಕಟ್ಟುತ್ತಾರೆಂದು ಗಂಡ ಹೆಂಡತಿ ಮಣ್ಣು ಹೊರಲು ಹೋದರು ಎಂದು ನೆರೆಯವಳು ಹೇಳಿದಳು. ಎಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಮಲ್ಲರಸ ಮಡಕೆಗಳನ್ನು ಬಾಗಿಲ ಮುಂದೆ ಇಳಿಸಿದ. ಉಳಿದವನ್ನು ತರಲು ಮತ್ತೆ ಹೋದ.

ಅವನು ಕಾದಿದ್ದ ಕೆಂಪು ದಾರದ ಓಲೆ ಮುಂದಿನ ಅಮಾವಾಸ್ಯೆಗೆ ಬಂತು. ಅವನ ಹೆಸರೂ ಇತ್ತು. ಇನ್ನೂ ದೂರದ, ಗಡಿಯ ಕಟ್ಟೆಗೆ ಹಾಕಿದ್ದರು. ಆ ವರ್ಷದ ದಾರವೂ ಅದೇ ಓಲೆಕಾರನ ಕೈಯಲ್ಲಿ ಬಂದಿತ್ತು, ಇವನ ಎದೆಯ ಎತ್ತರಕ್ಕೆ. ಎಲ್ಲ ದಾರಗಳನ್ನು ಕಂಬದಿಂದ ಬಿಚ್ಚಿ ಗಂಟಿನಲ್ಲಿಟ್ಟುಕೊಂಡು ಹೊರಟ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯ ಅಷ್ಟು ಹೊತ್ತು ಕಾಲು ಕುಣಿಸಿರಲಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು, ಆ ಸುಂಕದವನ ಮೇಲೆ ಸಿಟ್ಟೂ ಬಂದಿತ್ತು.

“ಎಂಥ ಮನುಷ್ಯ ಗುರುಗಳೇ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದನಲ್ಲ. ಆ ಹೆಂಗಸಿನ ಹೊಟ್ಟೆಯ ಮೇಲೂ ಹೊಡೆದನಲ್ಲ.”

ಗುರುಗಳು ಅಂಗಳದ ಎಣ್ಣೆಯ ಗಡಿಗೆಗಳ ಕಡೆ ತಿರುಗಿದರು.

“ಗಾಣಿಗರ ಕೇರಿಯವರು ಈ ವರ್ಷ ಎಣ್ಣೆ ಕೊಡಬೇಕಿಲ್ಲ ಎಂದು ಬರೆದು, ಅಲ್ಲಿ ಓದಿ ಬಾ ಎಂದು ಸೋಮವಾರ ನಿನ್ನ ಕೈಗೆ ಕೊಟ್ಟ ಓಲೆ ಎಲ್ಲಿದೆ, ರೇವಯ್ಯ?”

ರೇವಯ್ಯನ ಕೈ ಸೊಂಟಕ್ಕೆ ಹೋಯಿತು.