ಮಜ್ಜಿಗೆ ಎಂದು ಕರೆದ ಮದ್ದು

"ಗುರುಗಳೇ, ಜೀವಿಗಳು ಬದಲಾದ ಬಗೆಯನ್ನು ಹೇಳುವಾಗ 'ಪ್ರಕೃತಿ ಆರಿಸಿತು', 'ಜೀವಿ ಕಲಿತುಕೊಂಡಿತು' ಎನ್ನುತ್ತೀರಿ. ಆರಿಸಲು ಪ್ರಕೃತಿಗೆ ಕೈಯೂ ಇಲ್ಲ, ತಲೆಯೂ ಇಲ್ಲ. ಈ ಹೋಲಿಕೆಗಳ ಗೊಡವೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಬಾರದೇ?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುರಿಗಾಹಿ ಇದ್ದ. ಅವನ ಕುರಿಗಳಿಗೆ ರಕ್ತ ಹೀರುವ ಉಣುಗು ಹತ್ತಿತು. ಪ್ರತಿ ಸೋಮವಾರ ಅವನು ಕುರಿಗಳ ಮೈಗೆ ಮದ್ದು ಬಳಿಯುತ್ತಿದ್ದ. ಸೀಸೆ ಬೇಗ ಬರಿದಾಗದಿರಲೆಂದು ಧಾರಾಳವಾಗಿ ನೀರು ಬೆರೆಸುತ್ತಿದ್ದ. ಮೊದಲ ವರ್ಷ ಉಣುಗುಗಳು ಉದುರಿದವು. ಮೂರನೆಯ ವರ್ಷ ಒಂದೂ ಅಲುಗಲಿಲ್ಲ. ಮರಿಗಳು ಸೊರಗಿದವು. ಕುರಿಗಾಹಿ ದನದ ಡಾಕ್ಟರ ಬಳಿಗೆ ಓಡಿದ.

ಡಾಕ್ಟರು ಅವಸರದಲ್ಲಿದ್ದರು. "ಉಣುಗುಗಳು ನಿನ್ನ ಮದ್ದಿನ ಗುಟ್ಟು ಕಲಿತುಬಿಟ್ಟಿವೆ ಕಣಯ್ಯಾ" ಎಂದವರೇ ಹೊರಟುಹೋದರು.

ಕುರಿಗಾಹಿ ದಾರಿಯುದ್ದಕ್ಕೂ ಯೋಚಿಸಿದ. ಕಲಿಯಬೇಕಾದರೆ ನೋಡಬೇಕು, ಕೇಳಬೇಕು. ಅಂದಿನಿಂದ ಮದ್ದನ್ನು ಬೇಲಿಯ ಮರೆಯಲ್ಲಿ ಕದ್ದುಮುಚ್ಚಿ ಬೆರೆಸಿದ. ಸೋಮವಾರ ಬಿಟ್ಟು ಗುರುವಾರ ಹಿಡಿದ. ಕುರಿಗಳ ಮುಂದೆ ಮದ್ದಿನ ಹೆಸರೆತ್ತಕೂಡದೆಂದು ಹೆಂಡತಿಗೆ ತಾಕೀತು ಮಾಡಿದ. ಅವಳು ಹಣೆ ಚಚ್ಚಿಕೊಂಡು, "ಮಜ್ಜಿಗೆ ತಂದೆ" ಎಂದು ಕೂಗುತ್ತಾ ಮದ್ದು ತಂದುಕೊಡುತ್ತಿದ್ದಳು. ಉಣುಗುಗಳು ಮಾತ್ರ ಹುಣಸೆಬೀಜದಷ್ಟು ಕೊಬ್ಬಿದವು. ಒಂದು ದಿನ ಅವನ ಮುದ್ದಿನ ಮರಿ ಸತ್ತುಹೋಯಿತು. ಕುರಿಗಾಹಿ ಬಿಕ್ಕಿಬಿಕ್ಕಿ ಅತ್ತ. ಮತ್ತೆ ಡಾಕ್ಟರ ಮುಂದೆ ಹೋಗಿ ನಿಂತ.

"ಡಾಕ್ಟ್ರೇ, ಮಜ್ಜಿಗೆ ಅಂದ್ರೂ ನಂಬ್ಲಿಲ್ಲ. ನನಗಿಂತ ಅವೇ ಚುರುಕು."

ಡಾಕ್ಟರಿಗೆ ನಗು ಬಂತು. ಅವನ ಕಣ್ಣು ನೋಡಿ ನುಂಗಿಕೊಂಡರು. "ತಪ್ಪು ನನ್ನದೇ. ಅವು ಏನೂ ಕಲಿತಿಲ್ಲ. ನೀನು ಬೀಜದ ಟಗರನ್ನ ಹೇಗೆ ಉಳಿಸಿಕೊಳ್ತೀಯ?"

"ಗಟ್ಟಿಯಾಗಿರೋದನ್ನ ಇಟ್ಕೊಂಡು ಪೀಚಲನ್ನ ಸಂತೆಗೆ ಹೊಡೀತೀನಿ."

"ನಿನ್ನ ನೀರು ಮದ್ದೂ ಅದನ್ನೇ ಮಾಡಿತು. ಪೀಚಲು ಉಣುಗು ಸತ್ತವು. ಮದ್ದು ತಡೆದುಕೊಂಡಂಥವು ಉಳಿದವು. ಈಗಿರೋದೆಲ್ಲ ಅವುಗಳ ಸಂತಾನ."

ಕುರಿಗಾಹಿ ಬಾಯಿ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಶಿವನೇ! ಮೂರು ವರ್ಷ ನಾನು ಸಾಕಿದ್ದು ಉಣುಗಾ?"

ಅವನು ಬೇರೆ ಮದ್ದು ಒಯ್ದ. ಹೇಳಿದಷ್ಟೇ ನೀರು ಬೆರೆಸಿದ. ಉಳಿದ ಮರಿಗಳು ಬದುಕಿದವು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ಪಟ್ಟು ಬಿಡಲಿಲ್ಲ. "ಡಾಕ್ಟರು ಕಲಿಕೆ, ಟಗರು ಎನ್ನದೆ ಮೊದಲೇ ನೇರವಾಗಿ ಹೇಳಬಹುದಿತ್ತು. ನೀವೂ ಈ ಕತೆಯಿಲ್ಲದೆ ನೇರವಾಗಿ ಹೇಳಬಹುದಿತ್ತಲ್ಲ?"

ಗುರುಗಳು ಹೇಳಿದರು: "ನಿನ್ನೆ ನೇರವಾಗಿಯೇ ಹೇಳಿದೆನಪ್ಪಾ, ನೀನು ಗೊರಕೆ ಹೊಡೆಯುತ್ತಿದ್ದೆ."