ಹನ್ನೊಂದನೆಯ ನಿಮಿಷದಲ್ಲಿ ನಿಂತ ವಿದ್ಯಾರ್ಥಿನಿ

ಶಿಷ್ಯ ಕೇಳಿದ: "ಗುರುಗಳೇ, ಈಗ ನನ್ನ ಪಾಠವೆಲ್ಲ ಫೋನಿನಲ್ಲಿದೆ. ಮಕ್ಕಳು ತಮಗೆ ಬಿಡುವಾದಾಗ ನೋಡಿಕೊಳ್ಳುತ್ತಾರೆ. ತರಗತಿಯಲ್ಲಾದರೆ ಮುಖ ಕಾಣುತ್ತಿತ್ತು. ಕಣ್ಣಿಗೆ ಬೀಳದವರು ಪಾಠಕ್ಕೆ ಮನಸ್ಸು ಕೊಟ್ಟಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?"

ಕೇಳಿದವನು ಕಾಲೇಜು ಅಧ್ಯಾಪಕ ಚನ್ನಕೇಶವ. ಅವನಿಗೆ ಒಂದು ಕಾಲಕ್ಕೆ ಗಣಿತ ಕಲಿಸಿದ ನೀಲಕಂಠಯ್ಯನವರು ಕನ್ನಡಕ ತೆಗೆದಿಟ್ಟು ಹೇಳಿದರು:

ಒಂದು ಕಾಲೇಜಿನಲ್ಲಿ ಒಬ್ಬ ಗಣಿತದ ಅಧ್ಯಾಪಕನಿದ್ದ. ಒಳ್ಳೆಯವನು. ಗಾರ್ಮೆಂಟ್ಸಿಗೆ ಹೋಗುವವರು, ಅಂಗಡಿಯಲ್ಲಿ ನಿಲ್ಲುವವರು, ಎಳೆಗೂಸಿನ ತಾಯಂದಿರು ತರಗತಿಗೆ ಬರಲಾಗದೆ ಒದ್ದಾಡುವುದನ್ನು ನೋಡಲಾರದೆ, ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಆ್ಯಪಿಗೆ ಹಾಕಿದ. ಒಂದು ಪಾಠ ಕೊನೆಯವರೆಗೆ ಓಡಿದ ಮೇಲೆಯೇ ಮುಂದಿನದು ತೆರೆಯುತ್ತಿತ್ತು. ಯಾರು ನೂರಕ್ಕೆ ಎಷ್ಟು ಮುಗಿಸಿದರೆಂದು ಆ್ಯಪೇ ತೋರಿಸುತ್ತಿತ್ತು. ಎಪ್ಪತ್ತೈದು ಮುಟ್ಟದವರಿಗೆ ಹಾಲ್ ಟಿಕೆಟ್ ಇಲ್ಲವೆಂದು ಕಾಲೇಜು ನಿಯಮ ಮಾಡಿತು. ಅವನಿಗೂ ಅದು ಸರಿಯೆನಿಸಿತು. ದಿನಾ ಹಾಜರಿ ಕೂಗುವ ರಗಳೆ ತಪ್ಪಿತಲ್ಲ!

ಪರೀಕ್ಷೆ ಹತ್ತಿರ ಬಂದಾಗ ಪಟ್ಟಿ ತೆಗೆದ. ಎಲ್ಲರದೂ ತೊಂಬತ್ತು, ನೂರು. ಅವನಿಗೆ ಹಿಗ್ಗೋ ಹಿಗ್ಗು. ಒಬ್ಬಳದು ಮಾತ್ರ ಮೂವತ್ತು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದನೋ ಅವಳೇ ಹೀಗೆ ಮಾಡಿದಳಲ್ಲ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಹೇಳಿ ಕಳಿಸಿದ.

ಹುಡುಗಿ ಅರ್ಧ ದಿನ ರಜೆ ಹಾಕಿ ಬಂದಳು. ಈ ಪರೀಕ್ಷೆ ತಪ್ಪಿದರೆ ಮನೆಯವರು ಓದು ಬಿಡಿಸುವುದು ಖಂಡಿತವಾಗಿತ್ತು. ಅದು ಅವನಿಗೂ ಗೊತ್ತಿತ್ತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿದ:

"ಆರನೇ ಪಾಠದಲ್ಲಿ ಹನ್ನೊಂದು ನಿಮಿಷ ದಾಟಿಲ್ಲ ನೀನು. ಪಾಠ ಅಂದ್ರೆ ಅಷ್ಟು ಸಸಾರವೇನಮ್ಮ?"

"ದಾಟೋಕೆ ಆಗ್ಲಿಲ್ಲ ಸರ್. ಅಲ್ಲಿ ನೀವು 'ಇದು ಎಲ್ಲರಿಗೂ ಗೊತ್ತಿರೋದೇ' ಅಂತ ಹೇಳಿ ಮುಂದಿನ ಸಾಲಿಗೆ ಹೋಗಿಬಿಡ್ತೀರ. ನಂಗೆ ಗೊತ್ತಿರಲಿಲ್ಲ. ಮೊದಲೆಲ್ಲೋ ಹೇಳಿದೀರೇನೋ, ನಾನೇ ಸರಿಯಾಗಿ ಕೇಳಿಸಿಕೊಂಡಿಲ್ವೇನೋ ಅಂತ ಮತ್ತೆ ಶುರುವಿಂದ ಹಾಕ್ಕೊಳ್ತಿದ್ದೆ. ಕೆಲಸಕ್ಕೆ ಹೋಗ್ತಾ ಬರ್ತಾ ಬಸ್ಸಲ್ಲಿ ಅದನ್ನೇ ಕೇಳ್ತಿದ್ದೆ."

ಅಧ್ಯಾಪಕ ನಂಬಲಿಲ್ಲ. ಆ್ಯಪಿನಲ್ಲಿ ಅವಳ ಹೆಸರು ಒತ್ತಿ ನೋಡಿದ. ಆರನೇ ಪಾಠ ಹಾಕಿದ್ದು ಹತ್ತೊಂಬತ್ತು ಸಲ ಎಂದಿತ್ತು. ಆ ಲೆಕ್ಕ ಮೊದಲಿನಿಂದಲೂ ಅಲ್ಲೇ ಇತ್ತು, ಅವನು ತೆರೆದಿರಲಿಲ್ಲ ಅಷ್ಟೆ. ನೂರಕ್ಕೆ ನೂರು ಪಡೆದವರನ್ನು ಕರೆಸಿ ಅದೇ ಸಾಲು ಹೇಗೆ ಬಂತೆಂದು ಕೇಳಿದ. ಎಲ್ಲರೂ ಫೋನ್ ತೆಗೆದು ಆ ಪಾಠ ಹುಡುಕತೊಡಗಿದರು. ಪಾಪ, ಅವರ ಪಾಠಗಳು ಜೇಬಿನಲ್ಲೇ ಓಡಿ ಮುಗಿದಿದ್ದವು. ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಸೀಮೆಸುಣ್ಣ ಹಿಡಿದು ಆ ಒಂದು ಸಾಲನ್ನು ಬಿಡಿಸಿ ಹೇಳಿದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಪ್ರಿನ್ಸಿಪಾಲರ ಬಳಿ ಹೋಗಿ, ತಪ್ಪು ತನ್ನದೆಂದು ಬರೆದುಕೊಟ್ಟು, ಅವಳ ಹಾಲ್ ಟಿಕೆಟ್ ತಂದುಕೊಟ್ಟ.

ಇಷ್ಟು ಹೇಳಿ ನೀಲಕಂಠಯ್ಯನವರು ನಿಲ್ಲಿಸಿದರು. ಚನ್ನಕೇಶವನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಎಷ್ಟು ಮುಗಿಸಿದರು ಎಂದಲ್ಲ, ಯಾರು ಎಷ್ಟು ಸಲ ಕೇಳಿದರು ಎಂದು ನೋಡಬೇಕು. ಇವತ್ತೇ ನೋಡುತ್ತೇನೆ."

ಗುರುಗಳು ಕೇಳಿದರು: "ನೋಡಪ್ಪಾ, ಆದರೆ ನಿನ್ನ ಪಾಠವನ್ನು ನೀನು ಎಷ್ಟು ಸಲ ಕೇಳಿದ್ದೀಯ?"