ಮಲಗಿದ ಮಗ್ಗ

"ಬುದ್ಧಿ, ಆ ಕಂಪನಿಯವರನ್ನು ಇಟ್ಟುಕೊಳ್ಳಲೋ, ಬಿಡಲೋ?"

ಪಾತ್ರೆ ಅಂಗಡಿಯ ಗುರುಮಲ್ಲಪ್ಪ ಮಠಕ್ಕೆ ಬಂದು ಕೂತವನೇ ಇದನ್ನು ಕೇಳಿದ. ಕೈ ಮುಗಿದದ್ದೂ ಅರ್ಧಂಬರ್ಧ. ಯಾವ ಕಂಪನಿಯಪ್ಪ ಎಂದರು ಸ್ವಾಮಿಗಳು.

ಅವನಿಗೆ ಎರಡು ಅಂಗಡಿಗಳ ತೆರಿಗೆ ಬಾಕಿಯೆಂದು ನೋಟಿಸು ಬಂದಿತ್ತು. ಬಾಕಿ ಕಡಿಮೆ ಮಾಡಿಸಿಕೊಡುತ್ತೇವೆ ಎನ್ನುವ ಕಂಪನಿಯೊಂದಕ್ಕೆ ಹನ್ನೊಂದು ತಿಂಗಳಿಂದ ಶುಲ್ಕ ಕಟ್ಟುತ್ತಿದ್ದ. ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ, ಕೆಲಸ ನಡೆಯುತ್ತಿದೆ ಸಾರ್. ನೋಟಿಸು ಬರುವುದು ಮಾತ್ರ ನಿಲ್ಲಲಿಲ್ಲ. ತಿಂಗಳ ಕೊನೆಗೆ ಅಂಗಡಿಗೆ ಬೀಗ ಹಾಕುತ್ತೇವೆ ಎಂದು ಮೊನ್ನೆ ಬಂದಿದೆ. ಈಗ ಅವರನ್ನು ಬಿಟ್ಟು, ನಾಳೆಯೇ ಆಗಬೇಕಿದ್ದ ಕೆಲಸ ಕೆಟ್ಟುಹೋದರೆ? ಇಟ್ಟುಕೊಂಡೂ ಬೀಗ ಬಿದ್ದರೆ? ಇಷ್ಟು ಹೇಳುವಷ್ಟರಲ್ಲಿ ಅವನು ಮೂರು ಸಲ ಕಾಲು ಬದಲಿಸಿ ಕೂತಿದ್ದ. ಊಟ ಸೇರುತ್ತಿಲ್ಲ ಬುದ್ಧಿ, ಗಿರಾಕಿಗಳ ಮೇಲೆ ರೇಗುತ್ತೇನೆ, ಮನೆಯವಳು ಮಾತಾಡಿಸಿದರೂ ಮೈಯೆಲ್ಲ ಉರಿಯುತ್ತದೆ ಎಂದ.

"ನಿನ್ನವು ಎರಡು ಅಂಗಡಿಯಲ್ಲವೇ?"

"ಎರಡೇ ಬುದ್ಧಿ. ಸಂತೇಪೇಟೆಯದು ನಮ್ಮ ತಂದೆ ತೆರೆದದ್ದು. ಅದಕ್ಕೆ ಸದ್ಯಕ್ಕೆ ಸ್ವಲ್ಪ ವಿಶ್ರಾಂತಿ ಕೊಟ್ಟಿದ್ದೇನೆ. ಅದಿರಲಿ, ಕಂಪನಿಯ ವಿಷಯ ಹೇಳಿ."

"ಹೇಳುತ್ತೇನೆ. ಮೊದಲು ಒಂದು ಕಡೆ ಕೂತುಕೊ," ಎಂದು ಸ್ವಾಮಿಗಳು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ನಾಲ್ಕು ಮಗ್ಗ. ಅಪ್ಪ ಒಂದರಲ್ಲಿ ನೇಯುತ್ತಿದ್ದ, ಅಣ್ಣಂದಿರಿಬ್ಬರು ಎರಡರಲ್ಲಿ, ಇವನು ಒಂದರಲ್ಲಿ. ಅಪ್ಪ ತೀರಿಕೊಂಡ. ಅಣ್ಣಂದಿರು ಹೆಂಡಿರ ಊರು ಸೇರಿದರು. ಮೂರು ಮಗ್ಗ ನಿಂತವು.

ನಿಂತವು ಎಂದು ನಾನು ಹೇಳುತ್ತಿದ್ದೇನೆ. ಆ ನೇಕಾರರ ಕೇರಿಯಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ದೀಪ ಆರಿಸು ಅನ್ನುತ್ತೇವೆಯೇ? ದೊಡ್ಡದು ಮಾಡು ಅನ್ನುತ್ತೇವೆ. ಮನೆಯಿಂದ ಹೊರಡುವವನು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾನೆ. ಹಾಗೆಯೇ ಆ ಕೇರಿಯಲ್ಲಿ ಮಗ್ಗ ನಿಂತಿತು ಎಂದರೆ ಮನೆಯೇ ಮುಳುಗಿತು ಎಂದ ಹಾಗೆ. ಅದಕ್ಕೇ ಅವರು ಮಗ್ಗ ಮಲಗಿದೆ ಎನ್ನುತ್ತಿದ್ದರು. ಹುಳ ತಿಂದು ಪುಡಿಯಾದರೂ ಅದು ಮಲಗಿರುವುದೇ.

ಆ ರಾಜ್ಯದಲ್ಲಿ ಮಗ್ಗಕ್ಕಿಷ್ಟು ಎಂದು ತೆರಿಗೆ. ಎಣಿಸಲು ಸುಂಕದ ಕಟ್ಟೆಯಿಂದ ಒಬ್ಬ ಬಂದ. ಬೇರೆ ಸೀಮೆಯವನು.

"ಎಷ್ಟು ಮಗ್ಗ?"

"ನಾಲ್ಕು ಸ್ವಾಮಿ. ಮೂರು ಮಲಗಿವೆ."

ಮಲಗಿದ್ದು ಬೆಳಗಾದರೆ ಏಳುತ್ತದೆ ಎಂದುಕೊಂಡಿರಬೇಕು ಪುಣ್ಯಾತ್ಮ. ನಾಲ್ಕು ಎಂದು ಬರೆದುಕೊಂಡು ಹೋದ.

ನೇಯುವುದು ಒಂದು ಮಗ್ಗ, ತೆರಿಗೆ ನಾಲ್ಕಕ್ಕೆ. ಎಲ್ಲಿಂದ ಕಟ್ಟುತ್ತಾನೆ? ಎರಡು ವರ್ಷ ಬಾಕಿ ಬಿತ್ತು. ಕಟ್ಟೆಯ ಮುದ್ರೆಯಿದ್ದ ಕಾಗದ ಮನೆಗೆ ಬಂತು. ಅದನ್ನು ಹಿಡಿದುಕೊಂಡು ನೇಕಾರ ಪೇಟೆಗೆ ಓಡಿದ.

ಪೇಟೆಯಲ್ಲಿ ಅರ್ಜಿ ಬರೆಯುವವನೊಬ್ಬನಿದ್ದ. ತಿಂಗಳಿಗೊಂದು ಪಂಚೆ ಕೊಡು, ನಾನು ನೋಡಿಕೊಳ್ಳುತ್ತೇನೆ ಎಂದ. "ಇನ್ನು ಮೇಲೆ ಕಾಗದ ಬಂದರೆ ನೀನು ಒಡೆಯಬೇಡ, ನನಗೆ ತಂದುಕೊಡು. ಕಟ್ಟೆಯ ಕಡೆ ತಲೆ ಹಾಕಬೇಡ. ನೀನು ಬಾಯಿ ತೆರೆದರೆ ಎಲ್ಲ ಕೆಡುತ್ತದೆ."

ಅಬ್ಬ, ಎಂಥ ನೆಮ್ಮದಿ! ಮೊದಲ ತಿಂಗಳು ನೇಕಾರ ಹೊಟ್ಟೆ ತುಂಬ ಉಂಡ. ಎರಡನೆಯ ತಿಂಗಳು ಕಾಗದ ಬಂತು, ಒಡೆಯದೆ ಕೊಟ್ಟುಬಂದ. ಮೂರನೆಯ ತಿಂಗಳೂ ಬಂತು. ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಲಾಳಿ ಒಗೆದರೆ ಎಳೆ ಹರಿಯುತ್ತಿತ್ತು. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಎದ್ದು ಬಾಗಿಲಿಗೆ ಬರುತ್ತಿದ್ದ. ಪೇಟೆಗೆ ಓಡಿ, ಏನಾಯಿತು ಎಂದು ಕೇಳುತ್ತಿದ್ದ. ನಡೆಯುತ್ತಿದೆ ಎನ್ನುತ್ತಿದ್ದ ಅರ್ಜಿಯವನು. ನೇಕಾರ ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದ.

"ಅವನನ್ನು ಬಿಟ್ಟುಬಿಡಿ," ಎಂದಳು ಅವಳು.

"ಹತ್ತು ಪಂಚೆ ಕೊಟ್ಟಾಗಿದೆಯಲ್ಲೇ. ಈಗ ಬಿಟ್ಟರೆ ಹತ್ತೂ ನೀರಿಗೆ ಹಾಕಿದ ಹಾಗೆ."

"ಇಟ್ಟುಕೊಂಡರೆ?"

"ಹನ್ನೊಂದಾಗುತ್ತೆ," ಎಂದು ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿ, ಎದ್ದು ಹೊರಗೆ ಹೋದ.

ಹನ್ನೊಂದನೆಯ ತಿಂಗಳು ಕಟ್ಟೆಯ ಆಳು ಬೀದಿಯಲ್ಲಿ ತಮಟೆ ಬಾರಿಸಿ ಸಾರಿದ. ಅಮಾವಾಸ್ಯೆಯೊಳಗೆ ಬಾಕಿ ಬಾರದಿದ್ದರೆ ನೇಯುವ ಮಗ್ಗವನ್ನೇ ಕಿತ್ತು ಒಯ್ಯುತ್ತೇವೆ ಎಂದ. ಆ ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಅರ್ಧ ನೇಯ್ದು ಕೂತಿತ್ತು. ಅದೊಂದು ಮಗ್ಗ ಹೋದರೆ ಇವನು ನೇಕಾರನೇ ಅಲ್ಲ. ಭಯಕ್ಕಿಂತ ಸಿಟ್ಟು ಹೆಚ್ಚಾಗಿ ಅವನು ನೆಟ್ಟಗೆ ಕಟ್ಟೆಗೆ ನಡೆದ. ಬಾಕಿಯ ಮಾತಾಡಲು ಅಲ್ಲ. ಅರ್ಜಿಯವನು ನಿಜವಾಗಿ ಏನಾದರೂ ಮಾಡಿದ್ದಾನೋ ಇಲ್ಲವೋ ತಿಳಿದುಕೊಂಡು, ಅವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಲು.

ಕಟ್ಟೆಯ ಅಧಿಕಾರಿ ಒಂದು ಕಟ್ಟು ಬಿಚ್ಚಿ ತೋರಿಸಿದ. ಹತ್ತು ಅರ್ಜಿಗಳಿದ್ದವು. ಅರ್ಜಿಯವನು ಮೋಸ ಮಾಡಿರಲಿಲ್ಲ. ದುಂಡಗಿನ ಅಕ್ಷರದಲ್ಲಿ, ಕಲ್ಲೂ ಕರಗುವಂತೆ ಬರೆದಿದ್ದ. ನಾಲ್ಕು ಮಗ್ಗದ ಈ ಬಡ ನೇಕಾರನ ಮೇಲೆ ದಯೆ ತೋರಬೇಕು ಎಂದು ಹತ್ತರಲ್ಲೂ ಇತ್ತು.

"ಪ್ರತಿ ಅರ್ಜಿಗೂ ನಾವು ಉತ್ತರ ಬರೆದೆವು," ಎಂದ ಅಧಿಕಾರಿ. "ನಾಲ್ಕು ಮಗ್ಗವೂ ನಡೆಯುತ್ತಿವೆಯೇ, ಮನೆಯ ಯಜಮಾನ ಖುದ್ದು ಬಂದು ಹೇಳಲಿ ಎಂದು. ನೀನು ಬರಲೇ ಇಲ್ಲ."

ಆ ಸಾಲನ್ನು ಅರ್ಜಿಯವನು ಓದಿ ಹೇಳಿರಲಿಲ್ಲ. ಇವನೂ ಏನು ಬರೆದಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬಾರದು ಎಂದೇ ತಾನೇ ಪಂಚೆ ಕೊಡುತ್ತಿದ್ದದ್ದು!

"ಈಗ ಹೇಳು. ನಾಲ್ಕೂ ನಡೆಯುತ್ತಿವೆಯೇ?"

"ಮೂರು ಮಲಗಿವೆ ಸ್ವಾಮಿ."

"ಮಲಗಿದ್ದಕ್ಕೂ ತೆರಿಗೆ ಇದೆಯಪ್ಪ. ನಿಂತದ್ದಕ್ಕೆ ಮಾತ್ರ ಇಲ್ಲ. ನಿಂತಿವೆಯೇ?"

ನೇಕಾರ ಬಾಯಿ ತೆರೆದ. ಅಪ್ಪ ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯಲ್ಲಿ ಈಗ ಸೌದೆ ತುಂಬಿದೆ, ಅದು ಅವನಿಗೆ ಗೊತ್ತು. ಅಣ್ಣಂದಿರು ವಾಪಸು ಬರುವುದಿಲ್ಲ, ಅದೂ ಗೊತ್ತು. ಆದರೂ ಆ ಮಾತು ನಾಲಿಗೆಯ ಮೇಲೆ ಬಂದು ಹಿಂದೆ ಸರಿಯಿತು. ಕಟ್ಟೆಯ ಗುಮಾಸ್ತ ಲೇಖನಿ ಎತ್ತಿ ಹಿಡಿದು ಕಾಯುತ್ತಿದ್ದ.

ಇಲ್ಲಿಗೆ ಸ್ವಾಮಿಗಳು ಕತೆ ನಿಲ್ಲಿಸಿದರು.

"ಹೇಳಿದನೇ ಬುದ್ಧಿ?" ಎಂದ ಗುರುಮಲ್ಲಪ್ಪ.

"ಹೇಳಿದ. ನಿಂತಿವೆ ಸ್ವಾಮಿ, ನಿಂತು ಆರು ವರ್ಷವಾಯಿತು ಎಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅಪ್ಪ ಅಂದೇ ತೀರಿಕೊಂಡ ಹಾಗೆ ಅತ್ತ. ಮೂರು ಮಗ್ಗದ ಬಾಕಿ ಹೊಡೆದುಹಾಕಿದರು. ಉಳಿದ ಒಂದರದ್ದನ್ನು ಸೀರೆ ಮುಗಿಸಿ ಕಟ್ಟಿದ."

ಗುರುಮಲ್ಲಪ್ಪ ಮತ್ತೆ ಕಾಲು ಬದಲಿಸಿದ. ಕತೆ ಚೆನ್ನಾಗಿತ್ತು, ಆದರೆ ತಾನು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ. ತಿಂಗಳ ಕೊನೆಗೆ ಇನ್ನು ಒಂಬತ್ತೇ ದಿನ.

"ಅದು ಸರಿ ಬುದ್ಧಿ. ಆ ಅರ್ಜಿಯವನನ್ನು ಕೊನೆಗೆ ಇಟ್ಟುಕೊಂಡನೋ, ಬಿಟ್ಟನೋ?"

ಸ್ವಾಮಿಗಳು ಅವನ ಮುಖವನ್ನೇ ನೋಡಿದರು.

"ವಿಶ್ರಾಂತಿ ಕೊಟ್ಟಿದ್ದೇನೆ ಅಂದೆಯಲ್ಲ ಗುರುಮಲ್ಲಪ್ಪ, ಆ ಸಂತೇಪೇಟೆಯ ಅಂಗಡಿ ಮುಚ್ಚಿ ಎಷ್ಟು ವರ್ಷವಾಯಿತು?"